ಮೂರು ಎಣಿಸುವಷ್ಟು ಹೊತ್ತು

ನಮ್ಮಪ್ಪ ದನದ ದಲ್ಲಾಳಿ. ತಿಪಟೂರಿಗೂ ಅರಸೀಕೆರೆಗೂ ನಡುವೆ, ರೈಲು ಹಾದುಹೋಗುವ ಆದರೆ ನಿಲ್ಲದ ಹಳ್ಳಿ ನಮ್ಮದು. ಶಿವರಾತ್ರಿ ಹತ್ತಿರವಾದಂತೆ ಅಪ್ಪ ಹೆಗಲಿಗೊಂದು ಟವೆಲ್ ಹಾಕಿಕೊಂಡು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಡುತ್ತಿದ್ದ. ಶಾಲೆಗೆ ಚಕ್ಕರ್ ಹೊಡೆದು ನಾನೂ ಅವನ ಹಿಂದೆ. ಹಳ್ಳಿಕಾರ್ ಎತ್ತುಗಳ ಸಾಲಿನಲ್ಲಿ ಒಂದು ಜೋಡಿಯ ಎದುರು ನಿಂತು, ಬಾಯಿ ಬಿಡಿಸಿ ಹಲ್ಲು ಎಣಿಸಿ (ಎಂಟೂ ಬಂದಿದ್ದರೆ ಅದು ಬಾಯಿಗೂಡಿದ ಎತ್ತು), ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕೊನೆಗೆ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಗೂ ಮಾರುವವನ ಕೈಗೂ ಸೇರಿಸಿ ಮುಚ್ಚುತ್ತಿದ್ದ. ಬೆಲೆ ಮಾತನಾಡುವುದು ಆ ಬಟ್ಟೆಯ ಕೆಳಗೆ, ಬೆರಳುಗಳಲ್ಲಿ. ಮೇಲೆ ಬಾಯಿಗಳು ಮಳೆಯ ಬಗ್ಗೆಯೋ ಯಾರದೋ ಮದುವೆಯ ಬಗ್ಗೆಯೋ ಮಾತನಾಡುತ್ತಿದ್ದವು.

ನನಗೆ ಕಾಣುತ್ತಿದ್ದದ್ದು ಮುಖಗಳು ಮಾತ್ರ. ಬೆರಳು ಹಿಡಿದ ಮೇಲೆ ಅಪ್ಪ ಎದುರಿನವನನ್ನು ನೋಡುತ್ತಿರಲಿಲ್ಲ, ಎತ್ತನ್ನು ನೋಡುತ್ತಿದ್ದ. ಒಂದು, ಎರಡು, ಮೂರು. ಅಷ್ಟರಲ್ಲಿ ಎದುರಿನವನ ಮೀಸೆಯೋ ಹುಬ್ಬೋ ಕದಲುತ್ತಿತ್ತು. ನಾನು ಕಿಸಕ್ಕನೆ ನಗುತ್ತಿದ್ದೆ. ವ್ಯಾಪಾರ ಕೆಡಿಸುತ್ತೀಯ ಎಂದು ಒಮ್ಮೆ ಅಲ್ಲೇ ತಲೆಗೆ ಮೊಟಕಿದ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಏಕೆಂದರೆ ಈ ಟವೆಲ್ಲು ಮುಂದೆ ಮತ್ತೆ ಬರುತ್ತದೆ, ಮತ್ತು ಅದನ್ನು ಗುರುತಿಸಲು ನನಗೆ ಮೂವತ್ತು ವರ್ಷ ಹಿಡಿಯಿತು.

ನಮ್ಮ ಕಡೆಯವರಿಗೆ ಒಂದು ಸಣ್ಣ ಜಂಬವಿದೆ. ಕನ್ನಡ ಸಿನಿಮಾ ಹಾಸ್ಯದ ಹಳೆಯ ಜೋಡಿಯ ಇಬ್ಬರೂ ನಮ್ಮ ರೈಲು ಹಳಿಯ ಮೇಲಿನವರೇ. ನರಸಿಂಹರಾಜು ತಿಪಟೂರಿನವರು, ಬಾಲಕೃಷ್ಣ ಅರಸೀಕೆರೆಯವರು. ಊರಿನಲ್ಲಿ ಯಾವ ಹುಡುಗ ನಾಲ್ಕು ಜನರನ್ನು ನಗಿಸಿದರೂ ‘ಇವನು ನರಸಿಂಹರಾಜು’ ಎನ್ನುತ್ತಿದ್ದರು. ನನಗೂ ಅಂದರು. ಭಾನುವಾರ ದೂರದರ್ಶನದಲ್ಲಿ ಹಳೆಯ ಚಿತ್ರ ಬಂದರೆ ಊರಿನಲ್ಲಿ ಟಿ.ವಿ. ಇದ್ದ ಎರಡು ಮನೆಗಳಲ್ಲಿ ಒಂದರ ಜಗಲಿಯ ಮೇಲೆ ನಾವೆಲ್ಲ. ಹುಡುಗರಿಗೆ ನರಸಿಂಹರಾಜು ಬೇಕು, ಅಪ್ಪನಿಗೆ ಬಾಲಣ್ಣ. ‘ಅವರಿಗೆ ಕಿವಿ ಕೇಳಿಸುವುದಿಲ್ಲ, ಗೊತ್ತೇನೋ? ಎದುರಿನವರ ತುಟಿ ನೋಡಿ ಮಾತು ಹೇಳುತ್ತಾರೆ’ ಎಂದು ಅಪ್ಪ ಪ್ರತಿ ಸಲವೂ, ಮೊದಲ ಸಲ ಹೇಳುವವನಂತೆ ಹೇಳುತ್ತಿದ್ದ. ಬಾಲಕೃಷ್ಣ ಅವರಿಗೆ ಶ್ರವಣದೋಷವಿದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆಗ ನನಗೆ ಅದು ಕನಿಕರದ ವಿಷಯವಾಗಿತ್ತು, ಕಸುಬಿನ ವಿಷಯವಾಗಿರಲಿಲ್ಲ.

1996ರ ಗಣೇಶ ಹಬ್ಬದಲ್ಲಿ ನಾನು ಮೊದಲ ಸಲ ಸಂಭಾವನೆ ತೆಗೆದುಕೊಂಡು ಮೈಕ್ ಹಿಡಿದೆ. ತಿಪಟೂರಿನ ಒಂದು ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುವವನಿಗೆ ಜ್ವರ ಬಂದಿತ್ತು. ಮಿಮಿಕ್ರಿ ಎಂದರೆ ಅಲ್ಲಿ ಕಲೆಯಲ್ಲ. ಗಾಯಕಿ ಬಿಸಿನೀರು ಕುಡಿಯುವಷ್ಟು ಹೊತ್ತು, ಗಾಯಕ ಅಂಗಿ ಬದಲಿಸುವಷ್ಟು ಹೊತ್ತು ಜನ ಎದ್ದುಹೋಗದಂತೆ ನೋಡಿಕೊಳ್ಳುವ ಕೆಲಸ. 10 ನಿಮಿಷ, 75 ರೂಪಾಯಿ, ಮಧ್ಯರಾತ್ರಿ ಚಿತ್ರಾನ್ನ. ರಾಜ್‌ಕುಮಾರ್, ಅಂಬರೀಶ್, ವಜ್ರಮುನಿ, ಧೀರೇಂದ್ರ ಗೋಪಾಲ್, ರೈಲು, ಅಳುವ ಮಗು. ರಾಜ್ಯದ ಎಲ್ಲ ಮಿಮಿಕ್ರಿಯವರ ಬಳಿಯೂ ಇದೇ ಸಾಮಾನು. ನಾನು ಇವುಗಳ ಜೊತೆಗೆ ದನದ ದಲ್ಲಾಳಿಯನ್ನೂ ಸೇರಿಸಿದೆ. ತಿಪಟೂರಿನಲ್ಲಿ ಜನ ಬಿದ್ದು ಬಿದ್ದು ನಕ್ಕರು. ಬೆಂಗಳೂರಿನಲ್ಲಿ ಒಬ್ಬರಿಗೂ ಅರ್ಥವಾಗದೆ ಆ ಐಟಂ ಸತ್ತಿತು. ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿತು. ಅವ್ವ ಮೂರು ದಿನ ಮಾತು ಬಿಟ್ಟಳು; ಅಪ್ಪ ಏನೂ ಅನ್ನಲಿಲ್ಲ, ಟ್ರ್ಯಾಕ್ಟರುಗಳು ಬಂದು ಅವನ ದಲ್ಲಾಳಿತನವೂ ಆಗಲೇ ಇಳಿಮುಖವಾಗಿತ್ತು.

ಭಾದ್ರಪದದಿಂದ ನವೆಂಬರ್ ಕೊನೆಯವರೆಗೆ ಸುಗ್ಗಿ. ಗಣೇಶ, ದಸರಾ, ಬಸ್ ಡಿಪೋದ ಆಯುಧಪೂಜೆ, ರಾಜ್ಯೋತ್ಸವ. ಒಂದೇ ರಾತ್ರಿ ಮೂರು ಪೆಂಡಾಲು ಮಾಡಿದ್ದೂ ಉಂಟು. ಉಳಿದ ತಿಂಗಳುಗಳಲ್ಲಿ ಬ್ಯಾಂಕಿನವರ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ. ಆರತಕ್ಷತೆಯಲ್ಲಿ ಯಾರೂ ಕೇಳುವುದಿಲ್ಲ, ಊಟದ ಪಂಕ್ತಿಯ ಕಡೆಗೇ ಎಲ್ಲರ ಕಣ್ಣು. ನಗಿಸುವುದನ್ನು ಕಲಿಯಬೇಕೆನ್ನುವವರು ಅಂಥ ಕಡೆಯೇ ಕಲಿಯಬೇಕು.

ವೇದಿಕೆ ಮೊದಲು ಕಲಿಸಿದ್ದು ಕಿವಿಯ ಕೆಲಸ. ನಗು ಎಲ್ಲಿಂದ ಹುಟ್ಟುತ್ತದೆ ಎಂದು ಕಣ್ಣು ಮುಚ್ಚಿಯೂ ಹೇಳಬಲ್ಲೆ. ಮುಂದೆ ನೆಲದ ಮೇಲೆ ಕುಳಿತ ಮಕ್ಕಳು ಮೊದಲು, ಅವರ ಹಿಂದೆ ಕುರ್ಚಿಯ ಗಂಡಸರು, ಪಕ್ಕದ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಕೊನೆಗೆ. ಅಲೆ ಅಲೆಯಾಗಿ ಹಿಂದಕ್ಕೆ ಹೋಗಿ ಮರದ ಕೆಳಗೆ ನಿಂತವರನ್ನು ಮುಟ್ಟಿ ಮುಗಿಯುತ್ತದೆ. ಮುಗಿಯುವುದಕ್ಕೆ ಸ್ವಲ್ಪ ಮೊದಲು ಮುಂದಿನ ಮಾತು ಹಾಕಬೇಕು. ನಗು ಬರಲಿಲ್ಲವೋ, ಜೇಬಿನಲ್ಲಿ ಇನ್ನೊಂದು ಮಾತು ಸಿದ್ಧವಿರಬೇಕು. ನನ್ನ ಜೇಬಿನಲ್ಲಿ ಯಾವಾಗಲೂ ಹತ್ತು ಮಾತುಗಳಿರುತ್ತಿದ್ದವು. ವೇಗ ಎಂದು ಜನ ಹೊಗಳಿದರು. ಅದು ಹೆದರಿಕೆ ಎಂದು ನನಗೆ ಮಾತ್ರ ಗೊತ್ತಿತ್ತು. ಒಂದು ಕ್ಷಣದ ಮೌನವನ್ನು ತಡೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

2000ದಲ್ಲಿ ಬೆಂಗಳೂರಿಗೆ ಬಂದೆ. ಶ್ರೀನಗರದಲ್ಲಿ ನಾಲ್ವರಿಗೆ ಒಂದು ಕೋಣೆ. ಟಿ.ವಿ. ವಾಹಿನಿಗಳು ಹೆಚ್ಚುತ್ತಿದ್ದ ಕಾಲ. ಧಾರಾವಾಹಿಗಳಲ್ಲಿ ಹಾಲಿನವನು, ಪೋಸ್ಟ್‌ಮನ್, ಬಾಡಿಗೆ ಕೇಳಲು ಬರುವವನು, ಹೀಗೆ ಬಾಗಿಲು ತಟ್ಟುವ ಪಾತ್ರಗಳೆಲ್ಲ ನನ್ನವು. ಅಲ್ಲಿಂದ ಸಿನಿಮಾದ ಕಾಮಿಡಿ ಟ್ರ್ಯಾಕ್ ಬರೆಯುವ ಕೆಲಸ ಸಿಕ್ಕಿತು.

ಕಾಮಿಡಿ ಟ್ರ್ಯಾಕ್ ಎಂದರೇನೆಂದು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಾಯಕ, ನಾಯಕಿ, ಖಳನಾಯಕನ ಕಥೆ ಒಂದು ಕಡೆ ಚಿತ್ರೀಕರಣವಾಗುತ್ತಿರುತ್ತದೆ. ಹಾಸ್ಯನಟರ ಕಾಲ್‌ಶೀಟ್ (ಚಿತ್ರೀಕರಣಕ್ಕೆ ಅವರು ಕೊಡುವ ದಿನಗಳು) ಮೂರು ದಿನ ಸಿಕ್ಕಿರುತ್ತದೆ. ಆ ಮೂರು ದಿನಕ್ಕೆ ಪ್ರತ್ಯೇಕ ಕಥೆ, ಪ್ರತ್ಯೇಕ ಮನೆ, ಬಹಳ ಸಲ ಪ್ರತ್ಯೇಕ ಊರು. ಬರೆಯುವವನಿಗೆ ಮುಖ್ಯ ಕಥೆ ಏನೆಂದು ಯಾರೂ ಹೇಳುವುದಿಲ್ಲ, ಅವನೂ ಕೇಳುವುದಿಲ್ಲ. ಬೆಳಗ್ಗೆ ಏಳಕ್ಕೆ ಹೋಗಿ, ಇಡ್ಲಿ ತಿನ್ನುತ್ತ ಬರೆದುಕೊಟ್ಟು, ಮಧ್ಯಾಹ್ನದೊಳಗೆ ಅದು ಕ್ಯಾಮೆರಾಕ್ಕೆ ಹೋಗಿರುತ್ತಿತ್ತು. ಎಂಟು ವರ್ಷ ಹೀಗೆ ದುಡಿದೆ. ಹೆಸರು ಬಂದದ್ದು ಕೆಲವು ಚಿತ್ರಗಳಲ್ಲಿ. ದುಡ್ಡು ಬಂದದ್ದು ಬಹಳಷ್ಟರಲ್ಲಿ. ದೂರುವುದಿಲ್ಲ. ತಂಗಿಯ ಮದುವೆ ಆ ದುಡ್ಡಿನಲ್ಲೇ ಆಯಿತು.

ಒಂದು ಶುಕ್ರವಾರ ಅಂಥದೊಂದು ಚಿತ್ರವನ್ನು ಗಾಂಧಿನಗರದಲ್ಲಿ ನೋಡಲು ಹೋದೆ. ನಾಯಕನ ತಾಯಿ ಸಾಯುತ್ತಾಳೆ. ನಾಯಕ ಚಿತೆಗೆ ಕೊಳ್ಳಿ ಇಡುತ್ತಾನೆ. ಹೊಗೆ ಮೇಲೇರುತ್ತದೆ. ಕಟ್. ನಾನು ಬರೆದ ಹೋಟೆಲ್ ಸರ್ವರ್ ಪೂರಿಯನ್ನು ಊದಿ ಊದಿ ಉಬ್ಬಿಸುತ್ತಿದ್ದಾನೆ. ಚಿತ್ರಮಂದಿರದಲ್ಲಿ ಯಾರೋ ಒಬ್ಬರು ‘ಥೂ’ ಎಂದರು. ಆ ಥೂ ಸರಿಯಾಗಿಯೇ ಇತ್ತು, ಆದರೆ ಅದು ತಲುಪಬೇಕಾದವರಿಗೆ ತಲುಪಲಿಲ್ಲ, ನನಗೆ ತಲುಪಿತು. ಪೂರಿಯ ತಮಾಷೆ ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಮೊದಲು ಏನು ಬರುತ್ತದೆ, ಆಮೇಲೆ ಏನು ಬರುತ್ತದೆ ಎಂಬುದು ನನ್ನ ಕೈಯಲ್ಲಿರಲಿಲ್ಲ, ಅಷ್ಟೇ. ಆ ರಾತ್ರಿ ಹೆಂಡತಿಗೆ ಹೇಳಿದೆ, ನಿರ್ದೇಶನ ಮಾಡುತ್ತೇನೆ ಎಂದು. ಅವಳು ‘ಮೊದಲು ಕಲಿತುಕೊಳ್ಳಿ’ ಎಂದಳು.

ಕಲಿಯಲು ಹೋದಾಗ ನನಗೆ 34 ವರ್ಷ. ಟಿ.ವಿ.ಯಿಂದಾಗಿ ಮುಖ ಗುರುತಿಸುವವರಿದ್ದರು. ಅಂಥವನು ಸಹಾಯಕ ನಿರ್ದೇಶಕನಾಗಿ ಕ್ಲಾಪ್ ಬೋರ್ಡ್ ಹಿಡಿದು ನಿಂತರೆ ಹೊರಾಂಗಣದಲ್ಲಿ ಸೇರಿದ ಜನ ಅದನ್ನೇ ತಮಾಷೆ ಎಂದು ತಿಳಿದು ನಗುತ್ತಿದ್ದರು. ಎರಡು ಚಿತ್ರ, ಎರಡೂಮುಕ್ಕಾಲು ವರ್ಷ. ಶಾಟಿನಿಂದ ಶಾಟಿಗೆ ಏನೂ ಬದಲಾಗದಂತೆ ಕಂಟಿನ್ಯುಟಿ ಬರೆದೆ: ಯಾವ ಕೈಯಲ್ಲಿ ಲೋಟ, ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು, ಹಣೆಯ ಕುಂಕುಮ ಎಷ್ಟು ಅಗಲ. ಹಾಸ್ಯಗಾರನಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆಯಿಲ್ಲ. ಬಾಯಿಗೆ ಬಿಡುವು, ಕಣ್ಣಿಗೆ ದುಡಿಮೆ.

ಚಿತ್ರರಂಗದ ಹಿರಿಯರೊಬ್ಬರು ಆಗ ‘ಇವನು ದ್ವಾರಕೀಶ್ ಆಗಲು ಹೊರಟಿದ್ದಾನೆ’ ಎಂದರಂತೆ. ವ್ಯಂಗ್ಯವಾಗಿ ಹೇಳಿದ್ದು, ಆದರೆ ನಾನು ಅದನ್ನು ಆಶೀರ್ವಾದ ಎಂದೇ ತೆಗೆದುಕೊಂಡೆ. ದ್ವಾರಕೀಶ್ ಹುಣಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಅಣ್ಣನ ಜೊತೆ ವಾಹನಗಳ ಬಿಡಿಭಾಗದ ಅಂಗಡಿ ನಡೆಸುತ್ತಿದ್ದವರು, ಅದನ್ನು ಬಿಟ್ಟು ಹಾಸ್ಯನಟರಾಗಿ ಬಂದು, 1969ರಲ್ಲಿ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಮೇಯರ್ ಮುತ್ತಣ್ಣ’ ನಿರ್ಮಿಸಿದರು. ಸಿದ್ದಲಿಂಗಯ್ಯನವರಿಗೆ ಅದು ಮೊದಲ ನಿರ್ದೇಶನ. ಆಮೇಲೆ ತಾವೇ ನಿರ್ದೇಶಕರಾಗಿ ಆಫ್ರಿಕಾದವರೆಗೂ ಕ್ಯಾಮೆರಾ ಒಯ್ದರು. ಬಾಲಣ್ಣನಂತೂ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋವನ್ನೇ ಕಟ್ಟಿದರು. ನಗಿಸುವವರು ಮೂರು ದಿನದ ಕಾಲ್‌ಶೀಟಿಗೆ ಮಾತ್ರ ಎಂದು ಕನ್ನಡದಲ್ಲಿ ಯಾವತ್ತೂ ಬರೆದಿರಲಿಲ್ಲ. ಅದು ನಮ್ಮ ಕಾಲದ ಸೋಮಾರಿತನ.

ನನ್ನ ಕಥೆಯಲ್ಲಿ ಇಬ್ಬರು ಮುದುಕ ದಲ್ಲಾಳಿಗಳಿದ್ದರು. ಒಂದೇ ಜೋಡಿ ಎತ್ತನ್ನು ಜೀವಮಾನವಿಡೀ ಪರಸ್ಪರ ಮಾರಿ ಕೊಳ್ಳುತ್ತ ಬಂದವರು. ಚಿತ್ರದ ಹೆಸರು ಇಲ್ಲಿ ಬೇಡ, ಹೇಳಿದರೆ ಜಾಹೀರಾತಾಗುತ್ತದೆ. ಬರೆದದ್ದನ್ನು ಹಿಡಿದುಕೊಂಡು ನಿರ್ಮಾಪಕರ ಕಚೇರಿಗಳಿಗೆ ಕಥೆ ಹೇಳಲು ಹೋದೆ. ಕಥೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಎತ್ತಿನ ದನಿಯೂ ನನ್ನದೇ. ನಿರ್ಮಾಪಕರೊಬ್ಬರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ನೀರು ಕುಡಿದು, ‘ನೀವು ಹೇಳಿದ್ದಕ್ಕೆ ನಗು ಬಂತು ಸ್ವಾಮಿ. ನೀವು ಪ್ರತಿ ಚಿತ್ರಮಂದಿರಕ್ಕೂ ಹೋಗಿ ಹೇಳುತ್ತೀರಾ?’ ಎಂದರು. ದುಡ್ಡು ಕೊಡಲಿಲ್ಲ. ಅವರು ಕೊಟ್ಟ ಆ ಒಂದು ಮಾತಿಗೆ ಬೆಲೆ ಕಟ್ಟುವುದು ಕಷ್ಟ.

ಮನೆಗೆ ಬಂದು ಹೆಂಡತಿಯನ್ನು ಕೂರಿಸಿ ಚಿತ್ರಕಥೆಯನ್ನು ಜೋರಾಗಿ ಓದಿಸಿದೆ. ಅವಳು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸಮೀಕರಣ ಓದುವಂತೆ ಓದಿದಳು. 112 ಪುಟಗಳಲ್ಲಿ ನನಗೆ ನಗು ಬಂದದ್ದು ಒಂಬತ್ತು ಕಡೆ. ಉಳಿದದ್ದೆಲ್ಲ ನನ್ನ ಗಂಟಲಿನ ಚಮತ್ಕಾರ. ಆ ಒಂಬತ್ತನ್ನು ಉಳಿಸಿಕೊಂಡು ಮತ್ತೆ ಬರೆದೆ. ಚಿತ್ರಕಥೆ ಬರೆಯುವ ಹಾಸ್ಯಗಾರರಿಗೆ ನಾನು ಹೇಳುವ ಒಂದೇ ಉಪಾಯ ಇದು: ನಿಮ್ಮ ಮೇಲೆ ಸ್ವಲ್ಪವೂ ದಾಕ್ಷಿಣ್ಯವಿಲ್ಲದವರ ಕೈಯಲ್ಲಿ ಓದಿಸಿ.

ಆ ವರ್ಷದ ಗಣೇಶ ಹಬ್ಬದಲ್ಲಿ ಕೆಲವು ದೃಶ್ಯಗಳನ್ನು ಪೆಂಡಾಲಿನಲ್ಲೇ ಆಡಿ ನೋಡಿದೆವು. ಸಿನಿಮಾ ಎಂದು ಯಾರಿಗೂ ಹೇಳಲಿಲ್ಲ. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರು 1935ರ ತಮ್ಮ ಒಂದು ಚಿತ್ರಕ್ಕೆ ಮೊದಲು ದೃಶ್ಯಗಳನ್ನು ಊರೂರಿನ ರಂಗಮಂದಿರಗಳಲ್ಲಿ ಆಡಿ, ಪ್ರತಿ ನಗುವೂ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆದಿದ್ದರೆಂಬುದನ್ನು ನಾನು ತಿಳಿದದ್ದು ಬಹಳ ಕಾಲದ ಮೇಲೆ. ಮೊದಲೇ ಗೊತ್ತಿದ್ದರೆ ನಾನೂ ಗಡಿಯಾರ ಇಟ್ಟುಕೊಳ್ಳುತ್ತಿದ್ದೆ. ನಾನು ಅಳೆದದ್ದು ಕಿವಿಯಲ್ಲಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಹಾಸ್ಯ ಕಾರ್ಯಕ್ರಮಗಳ ಗೆಳೆಯರು, ಕೊಬ್ಬರಿ ವ್ಯಾಪಾರದ ನನ್ನ ಭಾವ, ಇಬ್ಬರು ಡಾಕ್ಟರು, ಎಲ್ಲ ಸೇರಿ ಹನ್ನೊಂದು ಜನ, ಒಟ್ಟು 64 ಲಕ್ಷ ರೂಪಾಯಿ. ಕ್ಯಾಮೆರಾ, ಲೈಟು, ಜನರೇಟರ್ ಬಾಡಿಗೆಗೆ 11 ಲಕ್ಷ, ಸ್ಥಳದಲ್ಲೇ ಧ್ವನಿ ಹಿಡಿಯಲು 5, ಸಂಭಾವನೆಗಳಿಗೆ 14, ಊಟ, ವಸತಿ, ಬೇಟಾ (ದಿನಭತ್ಯೆ), ಸಾರಿಗೆಗೆ 13, ಚಿತ್ರೀಕರಣದ ನಂತರದ ಕೆಲಸಕ್ಕೆ 12. ಬಿಡುಗಡೆಗೆ ಉಳಿದದ್ದು 9. ಕೊನೆಯ ಎರಡು ಅಂಕಿಗಳು ತಲೆಕೆಳಗಾಗಬೇಕಿತ್ತು. ರಾಜ್ಯದಲ್ಲಿ ವರ್ಷಕ್ಕೆ 200ರ ಆಸುಪಾಸು ಕನ್ನಡ ಚಿತ್ರಗಳು ಬಿಡುಗಡೆಯಾಗುವ ಕಾಲದಲ್ಲಿ ಒಂದು ಶುಕ್ರವಾರವನ್ನು 9 ಲಕ್ಷದಲ್ಲಿ ಗೆಲ್ಲುತ್ತೇನೆಂದು ತಿಳಿದದ್ದು ಪೆದ್ದುತನ.

ಧ್ವನಿಗೆ ಕೊಟ್ಟ 5 ಲಕ್ಷದ ಬಗ್ಗೆ ಪಾಲುದಾರರೆಲ್ಲ ತಕರಾರು ತೆಗೆದರು. ಡಬ್ಬಿಂಗ್ ಅಗ್ಗ, ಎಲ್ಲರೂ ಮಾಡುವುದು ಅದನ್ನೇ. ಆದರೆ ಬೇರೆಯವರಿಗಾಗಿ ನಾನೇ ಎಷ್ಟೋ ಸಲ ಡಬ್ಬಿಂಗ್ ಕೋಣೆಯಲ್ಲಿ ನಿಂತವನು. ಹೊಲದಲ್ಲಿ ಬಿಸಿಲಿಗೆ ಉಸಿರು ಬಿಡುತ್ತ ಹೇಳಿದ ಮಾತನ್ನು ನಾಲ್ಕು ತಿಂಗಳ ಮೇಲೆ ಎ.ಸಿ. ಕೋಣೆಯಲ್ಲಿ, ತೆರೆಯ ಮೇಲಿನ ತುಟಿಗೆ ಹೊಂದಿಸುತ್ತ ಹೇಳಿದರೆ ಮಾತು ಹೊಂದುತ್ತದೆ, ತಮಾಷೆ ಹೊಂದುವುದಿಲ್ಲ. ಅರ್ಧ ಕ್ಷಣ ಆಚೀಚೆಯಾದರೂ ನಗೆಯ ಮಾತು ಬರೀ ಮಾಹಿತಿಯಾಗುತ್ತದೆ.

ಚಿತ್ರೀಕರಣ 26 ದಿನ. ಮೊದಲ ವಾರವೆಲ್ಲ ನಾನು ಮಾಡಿದ ತಪ್ಪು ಒಂದೇ, ಆದರೆ ದಿನಕ್ಕೆ ಹತ್ತು ಸಲ ಮಾಡಿದೆ. ಟೇಕ್ ಮುಗಿದ ಕೂಡಲೇ ಯೂನಿಟ್ ನಕ್ಕರೆ ‘ಓಕೆ’ ಎನ್ನುತ್ತಿದ್ದೆ. ವೇದಿಕೆಯ ಅಭ್ಯಾಸ, ನಗು ಕೇಳಿದರೆ ಮುಂದಕ್ಕೆ ಹೋಗು. ಲೈಟಿನ ಹುಡುಗರು ಮೊದಲ ಟೇಕಿಗೆ ನಗುತ್ತಾರೆ, ನಾಲ್ಕನೆಯದಕ್ಕೆ ನಗುವುದಿಲ್ಲ. ಸಹಜ, ತಮಾಷೆ ಹಳೆಯದಾಗಿರುತ್ತದೆ. ಆದರೆ ನಟನಿಗೆ ಮಾತು ಮೈಗೆ ಹತ್ತುವುದು ನಾಲ್ಕನೆಯದರಲ್ಲೇ. ನಾನು ಮೊದಲನೆಯದನ್ನು ಇಟ್ಟುಕೊಂಡು ನಾಲ್ಕನೆಯದನ್ನು ಬಿಟ್ಟೆ. ಎಂಟನೆಯ ದಿನ ಛಾಯಾಗ್ರಾಹಕ ನನ್ನನ್ನು ಪಕ್ಕಕ್ಕೆ ಕರೆದ. ನನಗಿಂತ ಹತ್ತು ವರ್ಷ ಚಿಕ್ಕವನು. ‘ಅಣ್ಣ, ಅವರು ನಗುತ್ತಿರುವುದು ನಿಮ್ಮನ್ನು ನೋಡಿ. ಮಾನಿಟರ್ ಹಿಂದೆ ನೀವು ಎಲ್ಲರ ಪಾತ್ರವನ್ನೂ ಮುಖದಲ್ಲಿ ಮಾಡುತ್ತಿದ್ದೀರಿ’ ಎಂದ. ಮರುದಿನದಿಂದ ಮಾನಿಟರಿಗೆ ಒಂದು ಕಪ್ಪು ಬಟ್ಟೆಯ ಗೂಡು ಕಟ್ಟಿಸಿ ಅದರೊಳಗೆ ಕುಳಿತೆ. ಮೇ ತಿಂಗಳ ಸೆಕೆಗೆ ಅದು ಉಗಿಯಾಡುವ ಇಡ್ಲಿ ಪಾತ್ರೆ. ಆದರೆ ಚಿತ್ರ ಬದುಕಿದ್ದು ಅಲ್ಲಿಂದ.

ಎತ್ತುಗಳಿಗಾಗಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ತೆಗೆದುಕೊಂಡಿದ್ದೆವು. ಯಾವ ಪ್ರಾಣಿ, ಎಷ್ಟು, ಏನು ಮಾಡಿಸುತ್ತೀರಿ, ಪಶುವೈದ್ಯರ ಪ್ರಮಾಣಪತ್ರ, ಎಲ್ಲವೂ ಇತ್ತು. ಪಟ್ಟಿಯಲ್ಲಿ ಎಂಟು ಎತ್ತುಗಳು. ಟವೆಲ್ಲಿನ ದೃಶ್ಯ ನಡೆಯುವಾಗ ಊರಿನ ಒಂದು ಆಡು ಚೌಕಟ್ಟಿನೊಳಗೆ ಬಂದು, ಇಬ್ಬರು ಮುದುಕರ ಕೈ ಮುಚ್ಚಿದ್ದ ಟವೆಲ್ಲಿನ ಅಂಚನ್ನು ಶಾಂತವಾಗಿ ಜಗಿಯತೊಡಗಿತು. ನಟರಿಬ್ಬರೂ ರಂಗಭೂಮಿಯವರು, ಕದಲಲಿಲ್ಲ. ಬೆರಳುಗಳ ವ್ಯವಹಾರ ಮುಂದುವರಿಯಿತು. ದೇವರೇ ಬರೆದುಕೊಟ್ಟ ದೃಶ್ಯ ಎಂದು ನಾನು ಗೂಡಿನೊಳಗೆ ಕೈಮುಗಿದೆ. ಆದರೆ ಆಡು ಪಟ್ಟಿಯಲ್ಲಿರಲಿಲ್ಲ. ಚಿತ್ರೀಕರಣದ ನಂತರ ಮಂಡಳಿಯ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ತುಂಬುವಾಗ ಅದು ಹೊಳೆಯಿತು. ತಪ್ಪು ನನ್ನದೇ, ಒಂಬತ್ತು ಪ್ರಾಣಿ ಎಂದು ಬರೆಯುವ ಮುಂದಾಲೋಚನೆ ಇರಬೇಕಿತ್ತು. ಕೋರಮಂಗಲದಲ್ಲಿ ಸೆನ್ಸಾರ್‌ಗೆ ಹೋದ ಪ್ರತಿಯಲ್ಲಿ ಆಡಿಲ್ಲ. ಈಗಲೂ ಆ ತುಣುಕು ನನ್ನ ಮೊಬೈಲಿನಲ್ಲಿದೆ. ಯಾರಿಗೂ ತೋರಿಸುವುದಿಲ್ಲ, ನಾನು ಮಾತ್ರ ನೋಡುತ್ತೇನೆ.

ಚಿತ್ರೀಕರಣ ಮುಗಿಸಿ ಕುಂಬಳಕಾಯಿ ಒಡೆದ ಮೇಲೆ ಎಡಿಟಿಂಗ್. ಹಾಸ್ಯಗಾರ ನಿರ್ದೇಶಕನಾಗುವುದು ನಿಜವಾಗಿ ಈ ಕತ್ತಲೆ ಕೋಣೆಯಲ್ಲಿ. ಒಂದು ಸೆಕೆಂಡಿಗೆ 24 ಚೌಕಟ್ಟು. ವೇದಿಕೆಯಲ್ಲಿ ಮೂರು ಎಣಿಸುವುದೆಂದರೆ ಇಲ್ಲಿ 72 ಚೌಕಟ್ಟು. ಅಷ್ಟನ್ನು ಖಾಲಿ ಬಿಟ್ಟರೆ ಇಬ್ಬರೇ ಕುಳಿತ ಕೋಣೆಯಲ್ಲಿ ಯುಗವೊಂದು ಕಳೆದಂತಾಗುತ್ತದೆ. ಸಂಕಲನಕಾರ ಹುಡುಗ ಎಲ್ಲವನ್ನೂ ಬಿಗಿ ಮಾಡುತ್ತ ಹೋದ. ನಾನೂ ತಲೆಯಾಡಿಸಿದೆ. ವೇಗವೇ ನನ್ನ ಹಳೆಯ ರಕ್ಷಾಕವಚವಲ್ಲವೇ! ಎರಡು ಗಂಟೆ ಎಂಟು ನಿಮಿಷದ ಚಿತ್ರ ಒಂದು ಗಂಟೆ ನಲವತ್ತಾರಕ್ಕೆ ಇಳಿಯಿತು. ಮಿಂಚಿನಂತೆ ಓಡುತ್ತಿತ್ತು. ಯಾರೂ ನಗಲಿಲ್ಲ.

ಯಾರೂ ಎಂದರೆ ತಿಪಟೂರಿನ ಕಲ್ಯಾಣಮಂಟಪವೊಂದರಲ್ಲಿ ಬಾಡಿಗೆ ಪ್ರೊಜೆಕ್ಟರ್ ಇಟ್ಟು ಕೂರಿಸಿದ 120 ಜನ. ನೆಂಟರು ಬೇಡ ಎಂದು ಕಟ್ಟಪ್ಪಣೆ ಮಾಡಿದ್ದೆ, ಆದರೂ ಎಂಟು ಜನ ನುಸುಳಿದ್ದರು. ನಡುವೆ ಎರಡು ರೆಕಾರ್ಡರ್ ಇಟ್ಟಿದ್ದೆವು. ಜನರ ಸದ್ದನ್ನು ತಂದು, ಚಿತ್ರದ ಕೆಳಗೆ ಇನ್ನೊಂದು ಧ್ವನಿಪಟ್ಟಿಯಾಗಿ ಜೋಡಿಸಿ, ಅಲ್ಲಿಂದ ಇಲ್ಲಿಯವರೆಗೆ ಕೇಳಿಸಿಕೊಂಡೆವು. ನಗು ಬರಬೇಕೆಂದುಕೊಂಡಿದ್ದ ಕಡೆ ಕೆಮ್ಮು. ನಗು ಹುಟ್ಟುವಷ್ಟರಲ್ಲಿ ಮುಂದಿನ ಮಾತು ಬಂದು ಅದರ ಕತ್ತು ಹಿಸುಕಿದ್ದು ಹದಿನಾಲ್ಕು ಕಡೆ. ಒಂದು ಕಡೆ ಮಾತ್ರ, ಮುದುಕ ಸುಮ್ಮನೆ ಚಪ್ಪಲಿ ಹುಡುಕುವಾಗ, ನಾವು ಯಾವ ತಮಾಷೆಯನ್ನೂ ಇಡದ ಕಡೆ, ಹೆಂಗಸರ ಸಾಲಿನಿಂದ ಒಂದು ದೊಡ್ಡ ನಗು.

ಮೂರು ವಾರ ಏನು ಮಾಡಿದರೂ ಸರಿಹೋಗಲಿಲ್ಲ. ಒಂದು ರಾತ್ರಿ ಸಂಕಲನಕಾರ ಊಟಕ್ಕೆ ಹೋಗಿದ್ದ. ಸ್ಪೀಕರ್ ಆರಿಸಿತ್ತು. ನಾನು ಅದನ್ನು ಹಾಕಲು ಗೊತ್ತಾಗದೆ ಹಾಗೆಯೇ ನೋಡತೊಡಗಿದೆ. ಸದ್ದಿಲ್ಲದ ನನ್ನ ಚಿತ್ರ. ತುಟಿಗಳು ಆಡುತ್ತಿವೆ, ಕೈಗಳು ಬೀಸುತ್ತಿವೆ, ಎಲ್ಲರೂ ಏನೋ ಹೇಳುವ ಅವಸರದಲ್ಲಿದ್ದಾರೆ. ನನ್ನ ಜೇಬಿನ ಹತ್ತು ಮಾತುಗಳು. ಟವೆಲ್ಲಿನ ದೃಶ್ಯ ಬಂತು. ಮುದುಕ ಬೆರಳು ಹಿಡಿದು ಎತ್ತಿನ ಕಡೆ ತಿರುಗಿದ. ಇನ್ನೊಬ್ಬನ ಹುಬ್ಬು ಒಂದು ನೂಲಿನಷ್ಟು ಮೇಲೇರಿತು. ಕತ್ತಲೆಯಲ್ಲಿ ನಾನೊಬ್ಬನೇ ಕಿಸಕ್ಕನೆ ನಕ್ಕೆ. ತಲೆಗೆ ಯಾರೋ ಮೊಟಕಿದಂತಾಯಿತು. ಜಗಲಿಯ ಮೇಲೆ ಅಪ್ಪ ಬಾಲಣ್ಣನ ಬಗ್ಗೆ ಹೇಳುತ್ತಿದ್ದ ಮಾತೂ ಅದರ ಬೆನ್ನಿಗೇ ಬಂತು. ಕಿವಿ ಕೇಳಿಸದ ಮನುಷ್ಯ ಒಂದು ಸಲವೂ ತಾಳ ತಪ್ಪದೆ ಅಷ್ಟು ವರ್ಷ ನಗಿಸಿದ್ದು ಹೇಗೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅವರು ಎದುರಿನವರ ಮಾತಿಗಾಗಿ ಕಾಯಲೇಬೇಕಿತ್ತು, ನೋಡಲೇಬೇಕಿತ್ತು. ಅವರು ನೋಡುವುದನ್ನು ನೋಡುತ್ತ ನಾವು ನಗುತ್ತಿದ್ದೆವು.

ಹುಡುಗ ಊಟ ಮುಗಿಸಿ ಬಂದಾಗ ಟವೆಲ್ಲಿನ ದೃಶ್ಯದಲ್ಲಿ ಎಷ್ಟು ಮಾತಿದೆ ಎಂದು ಕೇಳಿದೆ. ಎರಡು ಪುಟ. ಎಲ್ಲವನ್ನೂ ತೆಗೆಯಲು ಹೇಳಿದೆ. ಸ್ಥಳದಲ್ಲೇ ಹಿಡಿದ ಧ್ವನಿಯಾದ್ದರಿಂದ ಹಾಗೆ ತೆಗೆಯುವುದು ಸುಲಭವಲ್ಲ. ತುಟಿ ಕಾಣುವ ಕಡೆ ಮಾತು ಇರಲೇಬೇಕು. ಮಾತನಾಡುವವನನ್ನು ಬಿಟ್ಟು ಕೇಳುವವನ ಮುಖಕ್ಕೆ ಹೋದೆವು. ಎತ್ತಿನ ಮುಖಕ್ಕೆ ಹೋದೆವು. ಟವೆಲ್ಲಿನ ಸುಕ್ಕುಗಳಿಗೆ ಹೋದೆವು. ಪುಣ್ಯಕ್ಕೆ ಛಾಯಾಗ್ರಾಹಕ ನಾನು ಕೇಳದಿದ್ದರೂ ಅವನ್ನೆಲ್ಲ ತೆಗೆದಿಟ್ಟಿದ್ದ. ಜಾತ್ರೆಯ ಸದ್ದು, ಕೊರಳ ಗಂಟೆ, ಒಂದೆರಡು ‘ಹ್ಞೂಂ’ ಉಳಿದವು. ಆಮೇಲೆ ಇಡೀ ಚಿತ್ರವನ್ನು ಹಾಗೆ ತಿರುಗಿ ಕಟ್ಟಿದೆವು. ಮೊದಲು ಸದ್ದಿಲ್ಲದೆ ನೋಡುವುದು, ಅರ್ಥವಾದರೆ ಅಲ್ಲಿನ ಮಾತು ಕಡಿಮೆ ಮಾಡುವುದು. ಹದಿನಾಲ್ಕು ಕಡೆಯೂ ಜಾಗ ಬಿಟ್ಟೆವು. ಜಾಗ ಎಂದರೆ ಖಾಲಿ ಜಾಗವಲ್ಲ. ದೊಡ್ಡ ಚಿತ್ರಮಂದಿರದಲ್ಲಿ ನಗು ಬಂದರೆ ಅದನ್ನು ಹಿಡಿಯಬೇಕು, ಸಣ್ಣ ಸಭೆಯಲ್ಲಿ ಬಾರದಿದ್ದರೆ ಮುಜುಗರವಾಗಬಾರದು. ಆದ್ದರಿಂದ ಆ ಹೊತ್ತಿನಲ್ಲಿ ತೆರೆಯ ಮೇಲೆ ಯಾರಾದರೂ ಏನನ್ನಾದರೂ ನೋಡುತ್ತಿರಬೇಕು, ಇಲ್ಲವೇ ಚಪ್ಪಲಿ ಹುಡುಕುತ್ತಿರಬೇಕು. ಚಿತ್ರ ಒಂದು ಗಂಟೆ ಐವತ್ತೆಂಟು ನಿಮಿಷಕ್ಕೆ ಬಂತು. ಹನ್ನೆರಡು ನಿಮಿಷ ಉದ್ದವಾಯಿತು, ಬೇಗ ಮುಗಿದಂತೆ ಕಾಣಿಸಿತು.

ನನಗಾಗಿ ಬರೆದುಕೊಂಡಿದ್ದ ಪಾತ್ರವೂ ಇತ್ತು, ಬ್ಯಾಂಕಿನ ವಸೂಲಿಯವನು, ಹನ್ನೊಂದು ನಿಮಿಷ. ಸದ್ದಿಲ್ಲದೆ ನೋಡಿದಾಗ ಅವನೊಬ್ಬನೇ ಬೇರೆ ಯಾವುದೋ ಚಿತ್ರದಲ್ಲಿದ್ದಂತೆ ಕಾಣುತ್ತಿದ್ದ. ಒಂದು ಶಾಟ್ ಬಿಟ್ಟು ಉಳಿದದ್ದನ್ನು ಕತ್ತರಿಸಿದೆ. ಬೈಕಿನಲ್ಲಿ ಹೋಗುವ ಬೆನ್ನು, ಅದು ನಾನು. ಅವ್ವ ಇನ್ನೂ ಕ್ಷಮಿಸಿಲ್ಲ.

2018ರ ಒಂದು ಶುಕ್ರವಾರ ಬಿಡುಗಡೆ. ಗಾಂಧಿನಗರದ ಮುಖ್ಯ ಚಿತ್ರಮಂದಿರದಲ್ಲಿ ಬೆಳಗಿನ ಆಟಕ್ಕೆ 31 ಜನ. ಹಾಸ್ಯಚಿತ್ರಕ್ಕೆ ಇದಕ್ಕಿಂತ ದೊಡ್ಡ ವಿಪತ್ತಿಲ್ಲ. ದುಃಖದ ಚಿತ್ರಕ್ಕೆ ಒಬ್ಬನೇ ಕುಳಿತು ಅಳಬಹುದು. ಒಬ್ಬನೇ ನಕ್ಕವನು ಸುತ್ತ ನೋಡಿ ನಿಲ್ಲಿಸುತ್ತಾನೆ. ಎರಡನೇ ವಾರಕ್ಕೆ ಜನ ಸೇರಿದರು, ಅಷ್ಟರಲ್ಲಿ ಚಿತ್ರಮಂದಿರಗಳು ಕೈಬಿಟ್ಟಿದ್ದವು. ಚಿತ್ರಮಂದಿರಗಳಿಂದ 12 ಲಕ್ಷ, ರಾಜ್ಯ ಸರ್ಕಾರದ ಸಹಾಯಧನ 10 ಲಕ್ಷ, ಟಿ.ವಿ. ಮತ್ತು ಆನ್‌ಲೈನ್ ಹಕ್ಕುಗಳಿಂದ 27. 15 ಲಕ್ಷ ನಷ್ಟ. ಹನ್ನೊಂದು ಪಾಲುದಾರರಲ್ಲಿ ಒಂಬತ್ತು ಜನ ಈಗಲೂ ನನ್ನ ಜೊತೆ ಮಾತನಾಡುತ್ತಾರೆ, ಅವರಲ್ಲಿ ಆರು ಜನ ಎರಡನೇ ಚಿತ್ರಕ್ಕೂ ದುಡ್ಡು ಹಾಕಿದ್ದಾರೆ. ಭಾವ ಹಾಕಿಲ್ಲ.

ತಿಪಟೂರಿನಲ್ಲಿ ಮಾತ್ರ ಒಂದು ಸಂಜೆಯ ಆಟ ತುಂಬಿತು. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. 74 ವರ್ಷ, ಅವನಿಗೂ ಈಗ ಕಿವಿ ಮಂದ. ನಾನು ತೆರೆ ನೋಡಲಿಲ್ಲ, ಅಪ್ಪನನ್ನು ನೋಡುತ್ತ ಕುಳಿತೆ. ಟವೆಲ್ಲಿನ ದೃಶ್ಯ ಬಂತು. ಸುತ್ತಲಿದ್ದ ಮುನ್ನೂರು ಚಿಲ್ಲರೆ ಜನ ಸದ್ದಡಗಿಸಿ ಕಾದರು. ಒಂದು, ಎರಡು, ಮೂರು. ಇಡೀ ಚಿತ್ರಮಂದಿರ ಒಟ್ಟಿಗೆ ನಕ್ಕಿತು. ಅಪ್ಪನ ಮುಖ ಕದಲಲಿಲ್ಲ.

ಹೊರಗೆ ಬಂದು ಚಹಾ ಕುಡಿಯುವಾಗ ಹೇಗಿತ್ತು ಎಂದು ಕೇಳಿದೆ, ಸ್ವಲ್ಪ ಜೋರಾಗಿಯೇ. ಅವನು ಲೋಟ ಕೆಳಗಿಟ್ಟು, ರಸ್ತೆಯ ಆಚೆ ನಿಂತಿದ್ದ ಯಾವುದೋ ಹಸುವನ್ನು ನೋಡುತ್ತ ಹೇಳಿದ.

‘ಆ ಎಡಗಡೆಯ ಎತ್ತಿಗೆ ಆರೇ ಹಲ್ಲು. ನೀನು ಬಾಯಿಗೂಡಿದ ಎತ್ತು ಎಂದು ಹೇಳಿಸಿದ್ದೀಯ.’